ಆಪರೇಶನ್ ಭಯ, ತಡಮಾಡುವ ಅಪಾಯ: ಹೊಟ್ಟೆಯ ಶಸ್ತ್ರಚಿಕಿತ್ಸೆ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ಫೆಬ್ರುವರಿ ಬಂತೆಂದರೆ ವಿಜಯಪುರ ಜಿಲ್ಲೆಯ ಕನಮಡಿ, ಟಿಕೋಟಾ ಭಾಗದ ತೋಟಗಳಲ್ಲಿ ದ್ರಾಕ್ಷಿ ಕಟಾವು. ಅದರ ಬೆನ್ನಿಗೇ ಒಣದ್ರಾಕ್ಷಿ ಶೆಡ್ಡಿನ ಕೆಲಸ. ಆ ದಿನಗಳಲ್ಲಿ ಹೊಟ್ಟೆನೋವಿಗೂ ತೊಡೆಸಂದಿನ ಗಡ್ಡೆಗೂ ಮನೆಯಲ್ಲಿ ಸಿಗುವ ಉತ್ತರ ಒಂದೇ: “ಕಟಾವು ಮುಗೀಲಿ, ಆಮ್ಯಾಲೆ ನೋಡೂನು.” ಕೆಲವು ಕಾಯಿಲೆಗಳಿಗೆ ಈ ಮಾತು ನಡೆಯುತ್ತದೆ. ಇನ್ನು ಕೆಲವಕ್ಕೆ ಒಂದು ರಾತ್ರಿ ಕಾದರೂ ಕರುಳು ಕೊಳೆಯಬಹುದು. ಯಾವುದು ಕಾಯಬಲ್ಲದು, ಯಾವುದು ಕಾಯಲಾರದು ಎಂಬುದು ಪ್ರತಿ ಮನೆಗೂ ಗೊತ್ತಿರಬೇಕು. ಆಪರೇಶನ್ನಿನಿಂದ ಆಗುವ ಕೇಡಿಗಿಂತ ತಡಮಾಡಿದ್ದರಿಂದ ಆಗುವ ಕೇಡು ಎಷ್ಟೋ ಸಲ ದೊಡ್ಡದು.

ತಪ್ಪು ಕಲ್ಪನೆ 1: “ಬೆಲ್ಟ್ ಕಟ್ಟಿಕೊಂಡರೆ ಹರ್ನಿಯಾ ವಾಸಿಯಾಗುತ್ತದೆ.”

ಸತ್ಯ: ಹೊಟ್ಟೆಯ ಗೋಡೆಯ ಸ್ನಾಯು ಎಲ್ಲೋ ಸಡಿಲಾಗಿ, ಆ ಸಂದಿಯಿಂದ ಕರುಳೋ ಕೊಬ್ಬೋ ಹೊರಗೆ ತಳ್ಳಿಕೊಂಡು ಬರುವುದೇ ಹರ್ನಿಯಾ. ಗಂಡಸರಲ್ಲಿ ತೊಡೆಸಂದಿನಲ್ಲಿ ಹೆಚ್ಚು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಬರುತ್ತದೆ. ಬೆಲ್ಟ್ ಕಟ್ಟುವುದು ಹರಿದ ಗೋಣಿಚೀಲದ ತೂತಿಗೆ ಅಂಗೈ ಒತ್ತಿ ಹಿಡಿದಂತೆ. ಕೈ ತೆಗೆದ ಕೂಡಲೇ ಕಾಳು ಚೆಲ್ಲುತ್ತದೆ. ಆ ಸಂದಿಯನ್ನು ಮುಚ್ಚುವುದು ಶಸ್ತ್ರಚಿಕಿತ್ಸೆ ಮಾತ್ರ. ದೊಡ್ಡವರಲ್ಲಿ ಸಾಮಾನ್ಯವಾಗಿ ಒಂದು ಜಾಳಿಗೆ, ಅಂದರೆ ಮೆಶ್, ಇಟ್ಟು ಗೋಡೆಯನ್ನು ಬಲಪಡಿಸುತ್ತಾರೆ.

ಹಾಗೆಂದು ಹರ್ನಿಯಾ ಕಂಡವರೆಲ್ಲ ನಾಳೆಯೇ ಆಪರೇಶನ್ ಮಾಡಿಸಬೇಕಿಲ್ಲ. ಮಲಗಿದಾಗ ಒಳಗೆ ಹೋಗುವ, ನೋವಿಲ್ಲದ ಚಿಕ್ಕ ಹರ್ನಿಯಾ ಇರುವ ಗಂಡಸರು ವೈದ್ಯರ ನಿಗಾದಲ್ಲಿ ಕೆಲಕಾಲ ಕಾಯಬಹುದು. ಹೆಂಗಸರ ಮಾತು ಬೇರೆ: ಅವರಲ್ಲಿ ಕರುಳು ಸಿಕ್ಕಿಹಾಕಿಕೊಳ್ಳುವ ಬಗೆಯ ಹರ್ನಿಯಾ ಹೆಚ್ಚಾದ್ದರಿಂದ ಬೇಗ ಸರಿಪಡಿಸುವುದು ಒಳ್ಳೆಯದು. ಗಡ್ಡೆ ಗಟ್ಟಿಯಾಗಿ ಒಳಗೆ ಹೋಗದೆ ನಿಂತು, ನೋವು, ವಾಂತಿ ಶುರುವಾದರೆ, ಗಾಳಿ ಬಿಡುವುದೂ ನಿಂತರೆ, ಕರುಳಿಗೆ ರಕ್ತ ಹರಿಯುವುದು ಕಡಿದುಹೋಗಿರಬಹುದು. ಆಗ ಒತ್ತಿ ಒಳಗೆ ತಳ್ಳಲು ಹೋಗಬೇಡಿ, ಆಸ್ಪತ್ರೆಗೆ ಹೊರಡಿ.

ತಪ್ಪು ಕಲ್ಪನೆ 2: “ಕೂಸಿನ ಹೊಕ್ಕಳು ಉಬ್ಬಿದರೆ ಮೇಲೆ ನಾಣ್ಯ ಇಟ್ಟು ಕಟ್ಟಬೇಕು.”

ಸತ್ಯ: ಹೊಕ್ಕಳಿನ ಉಬ್ಬು ಹೆಚ್ಚಿನ ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ನಾಣ್ಯದಿಂದ ಬೇಗ ಮುಚ್ಚುವುದಿಲ್ಲ. ಚರ್ಮ ಹುಣ್ಣಾಗಬಹುದು, ಅಷ್ಟೆ. ಆದರೆ ಕೂಸಿನ ತೊಡೆಸಂದಿನಲ್ಲಿ ಉಬ್ಬು ಕಂಡರೆ ಅದು ತಾನಾಗಿ ಹೋಗುವುದಿಲ್ಲ. ಅದಕ್ಕೆ ಬೇಗನೆ ಶಸ್ತ್ರಚಿಕಿತ್ಸೆ ಬೇಕು.

ತಪ್ಪು ಕಲ್ಪನೆ 3: “ಬಟ್ಟಿ ಸರದೈತಿ, ತಿಕ್ಕಿಸಿದ್ರ ಆರಾಮ ಆಗ್ತೈತಿ.”

ಸತ್ಯ: ಇಲ್ಲಿ ಹೇಳಿದ ಎಲ್ಲ ಕಲ್ಪನೆಗಳಲ್ಲಿ ಹೆಚ್ಚು ಅಪಾಯದ್ದು ಇದೇ. ಅಪೆಂಡಿಕ್ಸ್ ಬಾತಾಗ ನೋವು ಮೊದಲು ಶುರುವಾಗುವುದು ಬಹಳ ಮಂದಿಗೆ ಹೊಕ್ಕಳಿನ ಸುತ್ತ. ಆದ್ದರಿಂದಲೇ ಅದು ಬಟ್ಟಿ, ಅಂದರೆ ಹೊಕ್ಕಳು, ಸರಿದಂತೆ ತೋರುತ್ತದೆ. ಕೆಲವು ಗಂಟೆಗಳಲ್ಲಿ ನೋವು ಕೆಳಹೊಟ್ಟೆಯ ಬಲಕ್ಕೆ ಇಳಿಯುತ್ತದೆ. ಊಟ ಬೇಡವಾಗುತ್ತದೆ, ವಾಂತಿ, ಸಣ್ಣ ಜ್ವರ ಜೊತೆಗೂಡುತ್ತವೆ. ಕೆಮ್ಮಿದರೆ, ಗಾಡಿ ಕುಲುಕಿದರೆ ನೋವು ಹೆಚ್ಚುತ್ತದೆ. ಈ ಹೊತ್ತಿನಲ್ಲಿ ಹೊಟ್ಟೆ ತಿಕ್ಕುವುದು, ಭೇದಿಯಾಗಲು ಔಷಧಿ ಕೊಡುವುದು ಎರಡೂ ಕೇಡು. ಬಾತ ಅಪೆಂಡಿಕ್ಸ್ ಒಡೆದರೆ ಕೀವು ಹೊಟ್ಟೆಯೆಲ್ಲ ಹರಡುತ್ತದೆ. ಒಡೆದ ಮೇಲೆ ನೋವು ಸ್ವಲ್ಪ ಹೊತ್ತು ಇಳಿಯುವುದೂ ಉಂಟು. ತಿಕ್ಕಿಸಿದ್ದರಿಂದಲೇ ವಾಸಿಯಾಯಿತೆಂದು ಮನೆಯವರು ನಂಬಿ ಕೂರುವುದು ಆಗಲೇ.

ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ಅಪೆಂಡಿಕ್ಸ್ ಅಲ್ಲವೆಂದು ಖಚಿತವಾಗುವುದಿಲ್ಲ. ವೈದ್ಯರು ಹೊಟ್ಟೆ ಮುಟ್ಟಿ ನೋಡುವುದು, ರಕ್ತಪರೀಕ್ಷೆ, ಕೆಲವು ಗಂಟೆ ಬಿಟ್ಟು ಮತ್ತೆ ನೋಡುವುದು, ಬೇಕಾದರೆ ಸಿಟಿ ಸ್ಕ್ಯಾನ್, ಇವೆಲ್ಲ ಸೇರಿ ತೀರ್ಮಾನವಾಗುತ್ತದೆ. ಒಡೆಯದ ಅಪೆಂಡಿಕ್ಸಿಗೆ ಆಂಟಿಬಯೋಟಿಕ್ ಚಿಕಿತ್ಸೆಯೂ ಇದೆ. ಆದರೆ ಫಿನ್ಲೆಂಡಿನಲ್ಲಿ ಹಾಗೆ ಚಿಕಿತ್ಸೆ ಪಡೆದವರನ್ನು 5 ವರ್ಷ ಗಮನಿಸಿದಾಗ, 100ರಲ್ಲಿ ಸುಮಾರು 39 ಮಂದಿಗೆ ಅದು ಮರುಕಳಿಸಿತ್ತು. ಈ ದಾರಿ ಹಿಡಿಯುವುದಿದ್ದರೆ ಅದು ವೈದ್ಯರ ನಿಗಾದಲ್ಲಿ ಆಗಬೇಕು. ಮೆಡಿಕಲ್ ಶಾಪಿನಿಂದ ತಂದು ನುಂಗುವ ಗುಳಿಗೆಯಿಂದಲ್ಲ.

ತಪ್ಪು ಕಲ್ಪನೆ 4: “ಹರಳು ಎಲ್ಲಿದ್ದರೇನು, ಬಾಳೆದಿಂಡಿನ ರಸಕ್ಕೆ ಕರಗುತ್ತದೆ.”

ಸತ್ಯ: ಕಿಡ್ನಿಯ ಹರಳೇ ಬೇರೆ, ಪಿತ್ತಕೋಶದ ಹರಳೇ ಬೇರೆ. ಕಿಡ್ನಿಯಿಂದ ಇಳಿಯುವ 5 ಮಿಲಿಮೀಟರಿಗಿಂತ ಚಿಕ್ಕ ಹರಳು ಸಾಮಾನ್ಯವಾಗಿ ಮೂತ್ರದಲ್ಲಿ ತಾನಾಗಿ ಹೋಗುತ್ತದೆ. ಯಾವ ರಸ ಕುಡಿದಾಗ ಅದು ಹೋಯಿತೋ ಆ ರಸಕ್ಕೆ ಹೆಸರು ಬರುತ್ತದೆ. ನಮ್ಮ ಬಿಸಿಲಿನಲ್ಲಿ ದುಡಿಯುವವರಿಗೆ ನೀರು ಹೆಚ್ಚು ಕುಡಿಯುವುದೇ ದೊಡ್ಡ ರಕ್ಷಣೆ. ಪಿತ್ತಕೋಶದ ಹರಳು ಹೀಗೆ ಇಳಿದುಹೋಗುವಂಥದ್ದಲ್ಲ. ನಾಳಕ್ಕೆ ಜಾರಿದರೆ ಕಾಮಾಲೆಯೋ ಮೇದೋಜೀರಕ ಗ್ರಂಥಿಯ ಉರಿಯೂತವೋ ಬರಬಹುದು.

ನೋವೇ ಕೊಡದ ಪಿತ್ತಕೋಶದ ಹರಳಿಗೆ ಹೆಚ್ಚಿನವರಲ್ಲಿ ಆಪರೇಶನ್ ಬೇಕಾಗುವುದಿಲ್ಲ. ಎಣ್ಣೆಯ ಊಟದ ನಂತರ ಬಲಪಕ್ಕೆಯ ಕೆಳಗೆ ಪದೇಪದೇ ನೋವು ಬರುತ್ತಿದ್ದರೆ ಪಿತ್ತಕೋಶವನ್ನೇ ತೆಗೆಯುತ್ತಾರೆ. ಪಿತ್ತರಸ ಹುಟ್ಟುವುದು ಯಕೃತ್ತಿನಲ್ಲಿ; ಪಿತ್ತಕೋಶ ಅದನ್ನು ಕೂಡಿಡುವ ಚೀಲ ಮಾತ್ರ. ಆದ್ದರಿಂದ ಅದನ್ನು ತೆಗೆದ ಮೇಲೂ ರೊಟ್ಟಿ, ಪಲ್ಯ ಎಲ್ಲ ಉಣ್ಣಬಹುದು. ಚಿಕ್ಕ ತೂತುಗಳ ಮೂಲಕ ಮಾಡುವ ಲ್ಯಾಪ್ರೊಸ್ಕೋಪಿ ವಿಧಾನದಲ್ಲಿ ಭಾರತದಲ್ಲಿ ಮೊದಲು ಪಿತ್ತಕೋಶ ತೆಗೆದವರು ಡಾ. ತೆಹೆಂಟನ್ ಉಡ್ವಾಡಿಯಾ, 1990ರಲ್ಲಿ, ಮುಂಬೈಯಲ್ಲಿ. ಇಂದು ಅದು ಜಿಲ್ಲಾ ಕೇಂದ್ರಗಳಲ್ಲೂ ದಿನನಿತ್ಯದ ಆಪರೇಶನ್.

ತಪ್ಪು ಕಲ್ಪನೆ 5: “ರಕ್ತ ಬಿದ್ದರೆ ಮೂಲವ್ಯಾಧಿಯೇ, ಮತ್ತೇನಲ್ಲ.”

ಸತ್ಯ: ಗುದದ ಬಿರುಕು, ಭಗಂದರ, ದೊಡ್ಡಕರುಳಿನ ಕ್ಯಾನ್ಸರ್ ಇವುಗಳಲ್ಲೂ ರಕ್ತ ಬೀಳಬಹುದು. ಅದರಲ್ಲೂ 40 ದಾಟಿದವರಿಗೆ ರಕ್ತದ ಜೊತೆ ತೂಕ ಇಳಿಯುತ್ತಿದ್ದರೆ, ಮಲದ ರೂಢಿ ಬದಲಾಗಿದ್ದರೆ, ಪರೀಕ್ಷೆ ತಪ್ಪಿಸಬಾರದು. ನಾಚಿಕೆಯಿಂದ ಮುಚ್ಚಿಟ್ಟು, “ಒಂದೇ ಇಂಜೆಕ್ಷನ್, ಗ್ಯಾರಂಟಿ” ಎನ್ನುವ ನಕಲಿ ವೈದ್ಯರ ಕಡೆ ಹೋದವರು ಗುದದ್ವಾರವೇ ಸುಟ್ಟು ಕಿರಿದಾಗಿ ನರಳಿದ್ದುಂಟು. ನಿಜ ಹೇಳಬೇಕೆಂದರೆ, ಆರಂಭದ ಮೂಲವ್ಯಾಧಿಗೆ ಹೆಚ್ಚಾಗಿ ಆಪರೇಶನ್ನೇ ಬೇಡ. ಸೊಪ್ಪು, ಕಾಳು, ಸಾಕಷ್ಟು ನೀರು, ತಿಣುಕದ ಅಭ್ಯಾಸ ಸಾಕು. ಅದಕ್ಕೂ ಬಗ್ಗದಿದ್ದರೆ ರಬ್ಬರ್ ಬ್ಯಾಂಡ್ ಹಾಕುವ ಸರಳ ಚಿಕಿತ್ಸೆಯಿದೆ.

ತಪ್ಪು ಕಲ್ಪನೆ 6: “ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಜೀವನಪೂರ್ತಿ ಬೆನ್ನುನೋವು.”

ಸತ್ಯ: ಸೊಂಟದ ಕೆಳಭಾಗ ಮರಗಟ್ಟಿಸುವ ಈ ವಿಧಾನ 1898ರಿಂದ ಬಳಕೆಯಲ್ಲಿದೆ. ದೊಡ್ಡವರ ಬೆನ್ನುಹುರಿ ಎಲ್ಲಿ ಮುಗಿಯುತ್ತದೋ ಅದಕ್ಕಿಂತ ಕೆಳಗೆ ಸೂಜಿ ಚುಚ್ಚುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಕೆಲವರಿಗೆ ತಲೆನೋವು ಬರಬಹುದು, ಅದಕ್ಕೆ ಚಿಕಿತ್ಸೆ ಇದೆ. ವರ್ಷಗಟ್ಟಲೆ ಕಾಡುವ ಬೆನ್ನುನೋವಿಗೆ ಭಾರ ಎತ್ತುವುದು, ಹೆರಿಗೆಯ ನಂತರ ಸ್ನಾಯು ದುರ್ಬಲವಾಗುವುದು ಮುಂತಾದ ಬೇರೆ ಕಾರಣಗಳಿರುತ್ತವೆ.

ತಪ್ಪು ಕಲ್ಪನೆ 7: “ಆಪರೇಶನ್ ಆದವರು ಹುಳಿ, ಬೇಳೆ, ಮೊಟ್ಟೆ ತಿಂದರೆ ಹೊಲಿಗೆ ಕೀವಾಗುತ್ತದೆ.”

ಸತ್ಯ: ಕೀವಾಗುವುದು ರೋಗಾಣುವಿನಿಂದ, ಹುಳಿಯಿಂದಲ್ಲ. ಗಾಯ ಕೂಡಲು ಬೇಳೆ, ಹಾಲು, ಮೊಟ್ಟೆಯ ಪ್ರೋಟೀನ್ ಬೇಕು. ನಿಂಬೆ, ನೆಲ್ಲಿಯ ವಿಟಮಿನ್ ಸಿ ಕೂಡ ಬೇಕು. ಬರೀ ಗಂಜಿಯ ಮೇಲೆ ಇಟ್ಟರೆ ಗಾಯ ಮಾಯುವುದು ತಡವಾಗುತ್ತದೆ. ಹೊಲಿಗೆಗೆ ನಿಜವಾದ ಶತ್ರುಗಳು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಬೀಡಿ, ಸಿಗರೇಟು. ದಿನ ಗೊತ್ತುಮಾಡಿದ ಆಪರೇಶನ್ನಿಗೆ ನಾಲ್ಕು ವಾರ ಮೊದಲೇ ಬೀಡಿ ಬಿಟ್ಟರೆ ತೊಂದರೆಗಳು ಕಡಿಮೆಯಾಗುತ್ತವೆ.

ತಪ್ಪು ಕಲ್ಪನೆ 8: “ಆಪರೇಶನ್ ಎಂದರೆ ಹೊಲ ಅಡವಿಡಬೇಕು.”

ಸತ್ಯ: 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಮುಂಚೆಯೇ ದಿನ ಗೊತ್ತುಮಾಡುವ ಶಸ್ತ್ರಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ರೆಫರಲ್ ಪತ್ರ ಕೊಡುತ್ತಾರೆ. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಬಿಎಲ್‌ಡಿಇಯ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ರೇಶನ್ ಕಾರ್ಡ್, ಆಧಾರ್ ಕಾರ್ಡ್ ಜೊತೆಗಿರಲಿ. ಸಹಿ ಹಾಕುವ ಮುನ್ನ ವೈದ್ಯರನ್ನು ಕೇಳಿ: ಏನು ಕಾಯಿಲೆ? ಆಪರೇಶನ್ ಬಿಟ್ಟು ಬೇರೆ ದಾರಿ ಇದೆಯೇ? ಕಾದರೆ ಏನಾಗುತ್ತದೆ? ಎಷ್ಟು ದಿನ ಭಾರ ಎತ್ತಬಾರದು? ಇದು ನಿಮ್ಮ ಹಕ್ಕು.

ಇಷ್ಟಂತೂ ಮನೆಮಂದಿಗೆಲ್ಲ ನೆನಪಿರಲಿ: ಒಳಗೆ ಹೋಗದ ನೋವಿನ ಗಡ್ಡೆ, ಬಲಕ್ಕೆ ಇಳಿದ ಹೊಟ್ಟೆನೋವು, ಹಲಗೆಯಂತೆ ಗಟ್ಟಿಯಾದ ಹೊಟ್ಟೆ, ಜ್ವರದೊಂದಿಗೆ ಕಾಮಾಲೆ, ನಿಲ್ಲದ ವಾಂತಿ. ಇವುಗಳಲ್ಲಿ ಒಂದು ಕಂಡರೂ ಏನೂ ತಿನ್ನಿಸದೆ, ಕುಡಿಸದೆ 108ಕ್ಕೆ ಕರೆ ಮಾಡಿ. ಟಿಕೋಟಾ ದಾಟಿ ವಿಜಯಪುರ ಮುಟ್ಟುವ ಹಾದಿಗೂ ಹೊತ್ತು ಹಿಡಿಯುತ್ತದೆ. ಬೆಳಗಾಗಲಿ ಎಂದು ಕಾಯದೆ ರಾತ್ರಿಯೇ ಹೊರಡಿ.