ಹೆಣ್ಣು ನೋಡುವ ದಿನ: ಚೆಂದ ಇರುವುದೆಲ್ಲಿ?

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ, ಹಾಲಿನ ಡೇರಿ, ಕಾರ್ಖಾನೆಗಳ ಮಗ್ಗುಲಲ್ಲಿ ಇರುವ ಊರು ಮಾಚೇನಹಳ್ಳಿ. ಇಂಥ ಊರುಗಳಲ್ಲಿ ಭಾನುವಾರ ಬೆಳಿಗ್ಗೆ ಒಂದು ಮನೆಯಿಂದ ಕೇಸರಿಬಾತಿನ ಘಮ ಬಂತೆಂದರೆ ಅಕ್ಕಪಕ್ಕದವರು ಊಹಿಸಿಬಿಡುತ್ತಾರೆ: ‘ಗಂಡಿನ ಕಡೆಯವರು ಬರುತ್ತಿರಬೇಕು!’

ಒಳಗೆ ಹುಡುಗಿಗೆ ಅಮ್ಮನ ಮದುವೆಯ ಭಾರಿ ರೇಷ್ಮೆ ಸೀರೆ, ಮುಖದ ತುಂಬ ಪೌಡರು. ಅತ್ತ ಹುಡುಗ ಗೆಳೆಯನಿಂದ ಎರವಲು ತಂದ ಕೋಟಿನೊಳಗೆ ಬೆವರುತ್ತಿರುತ್ತಾನೆ. ಇಬ್ಬರೂ ತಾವಲ್ಲದ ವೇಷದಲ್ಲಿ ಒಬ್ಬರನ್ನೊಬ್ಬರು ನೋಡುತ್ತಾರೆ. ನೋಡಿದ್ದು ಯಾರನ್ನು?

ಉಡುಪಿನ ವಿಷಯದಲ್ಲಿ ವಿಜ್ಞಾನದ ಸಲಹೆ ಸರಳ. ಹತ್ತಿ ಬಟ್ಟೆ ಸಾಮಾನ್ಯ ಹವೆಯಲ್ಲಿ ತನ್ನ ತೂಕದ ಶೇ. 7ರಿಂದ 8ರಷ್ಟು ತೇವವನ್ನು ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಹೀರುವುದು ಶೇ. ಅರ್ಧಕ್ಕೂ ಕಡಿಮೆ. ಬೆವರಿಗೆ ತನ್ನಷ್ಟಕ್ಕೆ ಹೆಚ್ಚು ವಾಸನೆಯಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದರಲ್ಲಿನ ವಸ್ತುಗಳನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಸ್ನಾನ ಮಾಡದೆ ಸೆಂಟು ಬಳಿದರೆ ಎರಡೂ ವಾಸನೆ ಬೆರೆಯುತ್ತವೆ, ಅಷ್ಟೇ. ಆದ್ದರಿಂದ ಮೈಗೆ ಒಗ್ಗಿದ, ಒಗೆದು ಇಸ್ತ್ರಿ ಮಾಡಿದ ಬಟ್ಟೆ, ಬಾಚಿದ ತಲೆ, ಕತ್ತರಿಸಿದ ಉಗುರು, ಇಷ್ಟವಿದ್ದರೆ ಒಂದು ಮೊಳ ಮಲ್ಲಿಗೆ ಸಾಕು.

ನಡತೆಯ ವಿಷಯ ಇದಕ್ಕಿಂತ ದೊಡ್ಡದು. ‘ಒಂದು ಹಾಡು ಹೇಳಮ್ಮ’, ‘ಸ್ವಲ್ಪ ನಡೆದು ತೋರಿಸಮ್ಮ’ ಎಂದು ಕೇಳಲು ಹುಡುಗಿಯೇನು ಸಂತೆಯ ದನವೇ? ಹಿರಿಯರು ಅರ್ಧ ಗಂಟೆ ಪಡಸಾಲೆ ಬಿಟ್ಟುಕೊಟ್ಟು ಇಬ್ಬರಿಗೂ ಮಾತಿಗೆ ಅವಕಾಶ ಕೊಡಲಿ. ಹುಡುಗ ಮೊಬೈಲನ್ನು ಜೇಬಿನಲ್ಲಿಡಲಿ. ಸಂಬಳವನ್ನು ಹೆಚ್ಚಿಸಿ ಹೇಳದಿರಲಿ. ಮುಂದೆ ಓದುವ, ದುಡಿಯುವ ಆಸೆಯಿದ್ದರೆ ಹುಡುಗಿ ಅಂದೇ ಬಾಯಿಬಿಟ್ಟು ಹೇಳಲಿ. ಸಂಬಂಧ ಬೇಡವೆಂದರೆ ತಡಮಾಡದೆ, ಬಣ್ಣ–ಎತ್ತರಗಳ ಕೊಂಕು ತೆಗೆಯದೆ ತಿಳಿಸುವುದೇ ಮರ್ಯಾದೆ.

ಆಡಂಬರವಿಲ್ಲದ ಒಲವಿಗೆ ಮಾದರಿ ಹುಡುಕಿ ದೂರ ಹೋಗಬೇಕಿಲ್ಲ. ಇದೇ ಜಿಲ್ಲೆಯ ಕುಪ್ಪಳಿಯ ಕುವೆಂಪು ಅವರು ಜಾತಕ, ವರದಕ್ಷಿಣೆ, ದುಂದುಗಾರಿಕೆಗಳನ್ನು ಬದಿಗಿಟ್ಟ ‘ಮಂತ್ರ ಮಾಂಗಲ್ಯ’ವನ್ನು ರೂಪಿಸಿದರು. ಮೈಸೂರಿನಲ್ಲಿ ಓದುವಾಗ ಪರಸ್ಪರ ಮೆಚ್ಚಿದ್ದ ಅವರ ಮಗ ಪೂರ್ಣಚಂದ್ರ ತೇಜಸ್ವಿ ಹಾಗೂ ರಾಜೇಶ್ವರಿ 1966ರಲ್ಲಿ ಈ ಸರಳ ವಿಧಾನದಲ್ಲೇ ಮದುವೆಯಾದರು. ಮದುವೆಗೆ ಮುಖ್ಯವಾದದ್ದು ಇಬ್ಬರ ಮನಸ್ಸು ಎಂಬುದಕ್ಕೆ ಇದು ಸಾಕ್ಷಿ.

ಪೋಷಕರು ಎರಡು ಮಾತು ನೆನಪಿಡಬೇಕು. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯ್ದೆಯಂತೆ ಅಪರಾಧ. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಮಾಡುವಂತಿಲ್ಲ. ಪಿಯುಸಿ ಓದುವ ಮಗಳ ಕೈಯಿಂದ ಪುಸ್ತಕ ಕಿತ್ತು ಕಾಫಿ ತಟ್ಟೆ ಕೊಡುವುದು ಯಾವ ಶಾಸ್ತ್ರ?

ತಟ್ಟೆ ಹಿಡಿದು ಬಂದವಳಿಗೆ ‘ಬೇಡ’ ಎನ್ನುವ ಸ್ವಾತಂತ್ರ್ಯವಿದ್ದರೆ ಮಾತ್ರ ಅವಳ ‘ಹೂಂ’ಗೆ ಬೆಲೆ. ಉಟ್ಟ ಸೀರೆ ಸಂಜೆಗೆ ಬೀರು ಸೇರುತ್ತದೆ. ಆಡಿದ ಮಾತು ಬಾಳಿನುದ್ದಕ್ಕೂ ಉಳಿಯುತ್ತದೆ.