ಹಾಡಿ ದಣಿದವರಿಗೆ ವೆರ್ಡಿ ಕಟ್ಟಿಸಿದ ಮನೆ

ಇಟಲಿಯ ಮಿಲಾನ್ ನಗರದ ಬುವೊನಾರೋಟಿ ಚೌಕದಲ್ಲಿರುವ ವೃದ್ಧಾಶ್ರಮ ‘ಕಾಸಾ ವೆರ್ಡಿ’. ಅಲ್ಲಿನ ಹಿರಿಯರೆಲ್ಲ ಒಂದು ಕಾಲಕ್ಕೆ ಒಪೆರಾ ಹಾಡಿದವರು, ವಾದ್ಯ ನುಡಿಸಿದವರು, ಸಂಗೀತ ಕಲಿಸಿದವರು.

‘ರಿಗೊಲೆಟ್ಟೊ’, ‘ಆಯಿದಾ’ದಂಥ ಒಪೆರಾಗಳ ಸಂಯೋಜಕ ಜುಸೆಪ್ಪೆ ವೆರ್ಡಿ (1813–1901) ಹೆಸರಿನ ಜೊತೆ ಹಣವನ್ನೂ ಗಳಿಸಿದರು. ಅವರ ಹಾಡುಗಳನ್ನು ಊರೂರಿಗೆ ಮುಟ್ಟಿಸಿದ ಎಷ್ಟೋ ಕಲಾವಿದರಿಗೆ ಆ ಭಾಗ್ಯವಿರಲಿಲ್ಲ. ಕಂಠ ಕೈಕೊಟ್ಟರೆ ಸಂಪಾದನೆಯೂ ನಿಂತಂತೆಯೇ. ಇಂಥವರಿಗಾಗಿ ವೆರ್ಡಿ 1889ರಲ್ಲಿ ಜಾಗ ಕೊಂಡರು. ನಕ್ಷೆ ಹಾಕಿದವರು ವಾಸ್ತುಶಿಲ್ಪಿ ಕಮಿಲ್ಲೊ ಬೊಯಿಟೊ. ಇವರು ವೆರ್ಡಿಯವರ ‘ಒಟೆಲ್ಲೊ’, ‘ಫಾಲ್‌ಸ್ಟಾಫ್’ಗೆ ಸಾಹಿತ್ಯ ಬರೆದ ಅರ್ರಿಗೊ ಬೊಯಿಟೊಗೆ ಅಣ್ಣ. 1899ರ ಹೊತ್ತಿಗೆ ನೂರು ಮಂದಿಗೆ ಸಾಲುವ ಮನೆ ಸಿದ್ಧವಾಯಿತು.

ಆದರೆ ತಾವು ಬದುಕಿರುವವರೆಗೆ ಅಲ್ಲಿ ಯಾರನ್ನೂ ಸೇರಿಸಕೂಡದೆಂದು ವೆರ್ಡಿ ಪಟ್ಟುಹಿಡಿದರು. ಉಪಕಾರ ಪಡೆದವರಿಂದ ಧನ್ಯವಾದ ಹೇಳಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು. 1901ರ ಜನವರಿ 27ರಂದು ಅವರು ತೀರಿಕೊಂಡರು. ಮರುವರ್ಷ ಅಕ್ಟೋಬರ್ 10ಕ್ಕೆ, ಅವರ ಹುಟ್ಟಿದ ದಿನದಂದೇ, ಮೊದಲ ನಿವಾಸಿಗಳು ಬಂದರು. ವೆರ್ಡಿ ಮತ್ತು ಪತ್ನಿ, ಗಾಯಕಿ ಜುಸೆಪ್ಪಿನಾ ಸ್ಟ್ರೆಪ್ಪೋನಿ ಅವರ ಸಮಾಧಿಗಳೂ ಅಲ್ಲೇ ಇವೆ.

ಕಟ್ಟಡ ಕಟ್ಟಿಸಿದರಷ್ಟೇ ಸಾಲದು. ಊಟ, ಔಷಧಿ, ಆರೈಕೆಗೆ ದಿನವೂ ದುಡ್ಡು ಬೇಕು. ವೆರ್ಡಿಯವರ ದೂರದೃಷ್ಟಿ ಕಾಣುವುದು ಇಲ್ಲೇ. ತಮ್ಮ ಒಪೆರಾಗಳಿಂದ ಬರುವ ರಾಯಲ್ಟಿಯನ್ನು ಉಯಿಲಿನಲ್ಲಿ ಈ ಮನೆಗೆ ಬರೆದಿಟ್ಟರು. ರಂಗದ ಮೇಲೆ ಹೊಸಬರು ಹಾಡುತ್ತಿದ್ದರೆ ಹಳಬರ ತಟ್ಟೆಗೆ ಅನ್ನ ಬೀಳುತ್ತಿತ್ತು. 1960ರ ದಶಕದ ಆರಂಭದಲ್ಲಿ ಹಕ್ಕುಸ್ವಾಮ್ಯದ ಅವಧಿ ಮುಗಿಯುವವರೆಗೂ ಈ ಆದಾಯ ಆಸರೆಯಾಯಿತು. ಆಮೇಲೆ ಬೇರೆ ದಾನಿಗಳು ಕೈಜೋಡಿಸಿದರು. ನಿವಾಸಿಗಳೂ ಶಕ್ತ್ಯನುಸಾರ ಹಣ ಕೊಡುತ್ತಾರೆ.

ಒಳಗಿನ ಬದುಕನ್ನು ನೋಡಬೇಕೆಂದರೆ ಡೇನಿಯಲ್ ಶ್ಮಿಡ್ 1984ರಲ್ಲಿ ತೆಗೆದ ಸಾಕ್ಷ್ಯಚಿತ್ರ ‘ಟೋಸ್ಕಾಳ ಮುತ್ತು’ ನೋಡಬೇಕು. ವೃದ್ಧ ಗಾಯಕಿ ಸಾರಾ ಸ್ಕುಡೇರಿ ತಮ್ಮದೇ ಹಳೆಯ ಧ್ವನಿಮುದ್ರಿಕೆಗೆ ಕಿವಿಗೊಡುವ ದೃಶ್ಯ ಅದರಲ್ಲಿದೆ. ಕ್ಯಾಮೆರಾ ಬಂದದ್ದೇ ತಡ, ಅಲ್ಲಿನ ಹಿರಿಯರು ಮತ್ತೆ ಪಾತ್ರಧಾರಿಗಳಾಗುತ್ತಾರೆ. ಈಚಿನ ದಶಕಗಳಲ್ಲಿ ಸಂಗೀತ ಕಲಿಯುವ ಯುವಕ ಯುವತಿಯರಿಗೂ ಇಲ್ಲಿ ವಸತಿ ಸಿಗುತ್ತಿದೆ. ಊಟದ ಮೇಜಿನ ಆಚೀಚೆ ಎರಡು ತಲೆಮಾರುಗಳು ಕೂಡುತ್ತವೆ.

ನಮ್ಮಲ್ಲೂ ಸರ್ಕಾರದ ಮಾಸಾಶನವನ್ನೇ ನೆಚ್ಚಿಕೊಂಡ ಹಿರಿಯ ಕಲಾವಿದರಿದ್ದಾರೆ. ಅವರ ವಿದ್ಯೆಯಿಂದ ಬೆಳಗಿದ ನಾವೆಲ್ಲ ವೆರ್ಡಿಯವರ ಉಯಿಲಿನಿಂದ ಒಂದು ಮಾತು ಕಲಿಯಬಹುದು: ಕಲೆಯಿಂದ ಬಂದ ಆದಾಯದಲ್ಲಿ ಒಂದು ಪಾಲು ಕಲಾವಿದರ ಮುಪ್ಪಿಗೆ ಮೀಸಲಿರಲಿ, ಅದೂ ಅವರು ಕೈಚಾಚುವ ಮೊದಲೇ.