ಹಳೆಯ ಲಾರಿಯ ಟ್ಯಾಂಕಿಗೆ ತುಕ್ಕು ಹಿಡಿಯದಂತೆ

ಬೇಸಾಯಗಾರನಿಗೆ ಎತ್ತು, ನೇಗಿಲು ಎಷ್ಟು ಮುಖ್ಯವೋ ಬೆಳೆದ ಮಾಲನ್ನು ಸಾಗಿಸುವ ಲಾರಿಯೂ ಈಗ ಅಷ್ಟೇ ಮುಖ್ಯವಾಗಿದೆ. ನಮ್ಮ ತಾಳವಾಡಿ ಸೀಮೆಯ ಕೋಸು, ಆಲೂಗೆಡ್ಡೆ, ಬೆಳ್ಳುಳ್ಳಿಗಳು ಬಡಗಲಿಗೆ ಚಾಮರಾಜನಗರ, ಮೈಸೂರುಗಳ ಕಡೆಗೆ ಹೋಗಬೇಕು. ಇಲ್ಲವೆ ತೆಂಕಲಿಗೆ ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಬಣ್ಣಾರಿ, ಸತ್ಯಮಂಗಲಗಳನ್ನು ಸೇರಬೇಕು. ಹೊಸ ಲಾರಿ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಹತ್ತಿಪ್ಪತ್ತು ವರ್ಷ ದುಡಿದ ಗಾಡಿಯನ್ನೇ ಕೊಂಡು ಸಂಸಾರ ಸಾಗಿಸುವವರು ನಮ್ಮಲ್ಲಿ ಬಹಳ ಮಂದಿ. ಅವರು ಟೈರು ನೋಡುತ್ತಾರೆ, ಇಂಜಿನ್ ಆಯಿಲು ನೋಡುತ್ತಾರೆ. ಪಕ್ಕದಲ್ಲಿ ತೂಗುವ ಡೀಸಲ್ ಟ್ಯಾಂಕಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ಗಾಡಿ ನಡುಘಟ್ಟದಲ್ಲಿ ನಿಂತಾಗಲೇ ಅದರ ನೆನಪು.

ತುಕ್ಕಿನಿಂದ ಆಗುವ ಕೇಡೇನು?

ತುಕ್ಕಿನ ಪುಡಿ ಡೀಸಲಿನೊಡನೆ ಹೊರಟು ಮೊದಲು ಫಿಲ್ಟರನ್ನು ಕಟ್ಟುತ್ತದೆ. ಸಮನೆಲದಲ್ಲಿ ಗಾಡಿ ಹೇಗೋ ಓಡುತ್ತದೆ. ಏರು ಹತ್ತುವಾಗ ಇಂಜಿನ್ನಿಗೆ ಹೆಚ್ಚು ಎಣ್ಣೆ ಬೇಕು. ಕಟ್ಟಿದ ಫಿಲ್ಟರು ಅಷ್ಟನ್ನು ಬಿಡುವುದಿಲ್ಲ. ಆದುದರಿಂದಲೇ ಬಣ್ಣಾರಿಯಿಂದ ಗೊಬ್ಬರ ಹೇರಿಕೊಂಡು ಮೇಲೆ ಬರುವ ಗಾಡಿ ತಿರುವಿನಲ್ಲಿ ಮುಗ್ಗರಿಸುತ್ತದೆ. ಇಳಿಯುವಾಗ ಇಂಜಿನ್ ನಿಂತರೆ ಅಪಾಯ ಇನ್ನೂ ದೊಡ್ಡದು. ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರು ಇಂಜಿನ್ನಿನಿಂದಲೇ ನಡೆಯತಕ್ಕದ್ದು. ಇಂಜಿನ್ ನಿಂತ ಮೇಲೆ ಶೇಖರವಾಗಿರುವ ಗಾಳಿಯಷ್ಟೇ ಗತಿ. ಘಟ್ಟದಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂದಿದೆ. ಸುತ್ತಲೂ ಆನೆ, ಹುಲಿಗಳಿರುವ ಕಾಡು. ಕತ್ತಲಾಗುವ ಮುನ್ನ ದಾಟಲಾಗದ ಗಾಡಿಯ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫಿಲ್ಟರನ್ನು ದಾಟಿದ ನುಣುಪಾದ ಪುಡಿಯೂ ನೀರೂ ಡೀಸಲ್ ಪಂಪನ್ನೂ ನಾಜಲುಗಳನ್ನೂ ಸವೆಸುತ್ತವೆ. ಆ ಪಂಪಿನೊಳಗೆ ಉಜ್ಜಿ ಚಲಿಸುವ ಭಾಗಗಳ ನಡುವಣ ಸಂದು ತಲೆಗೂದಲಿಗಿಂತಲೂ ಎಷ್ಟೋ ಪಾಲು ಸಣ್ಣದು. ಅದಕ್ಕೆ ಡೀಸಲೇ ಜಿಡ್ಡು, ನೀರಿನಲ್ಲಿ ಜಿಡ್ಡಿಲ್ಲ.

ನೀರು ಎಲ್ಲಿಂದ ಬರುತ್ತದೆ?

ಶಾಲೆಯಲ್ಲಿ ನಾವು ಮಕ್ಕಳಿಗೆ ಮೂರು ಸೀಸೆಗಳ ಪ್ರಯೋಗವನ್ನು ತೋರಿಸುತ್ತೇವೆ. ಒಂದರಲ್ಲಿ ಮೊಳೆಯನ್ನಿಟ್ಟು ಅರ್ಧ ನೀರು ಹಾಕುವುದು, ಎರಡನೆಯದರಲ್ಲಿ ಒಣಗಾಳಿಯಲ್ಲಿಡುವುದು, ಮೂರನೆಯದರಲ್ಲಿ ಕುದಿಸಿ ಗಾಳಿ ತೆಗೆದ ನೀರಿನಲ್ಲಿ ಮುಳುಗಿಸಿ ಮೇಲೆ ಎಣ್ಣೆ ಬಿಡುವುದು. ಮೊದಲನೆಯದಕ್ಕೆ ಮಾತ್ರ ತುಕ್ಕು ಹಿಡಿಯುತ್ತದೆ. ಕಬ್ಬಿಣ, ನೀರು, ಗಾಳಿ ಈ ಮೂರೂ ಕೂಡಿದರೇ ತುಕ್ಕು ಎಂಬುದು ಇದರಿಂದ ತಿಳಿಯುತ್ತದೆ. ಹಾಗಾದರೆ ಡೀಸಲಿನ ಅಡಿಯಲ್ಲಿರುವ ನೀರಿನಿಂದ ಭಯವಿಲ್ಲವಲ್ಲ ಎಂದು ಕೇಳಬಹುದು. ಟ್ಯಾಂಕಿಯ ನೀರು ಕುದಿಸಿದ ನೀರಲ್ಲ. ಗಾಡಿಯ ಕುಲುಕಾಟದಲ್ಲಿ ಅದಕ್ಕೆ ಗಾಳಿ ಸೇರುತ್ತಲೇ ಇರುತ್ತದೆ.

ಟ್ಯಾಂಕಿಯಲ್ಲಿ ಎಣ್ಣೆ ಇಳಿದಷ್ಟೂ ಹೊರಗಿನ ಗಾಳಿ ಒಳಗೆ ಬರುತ್ತದೆ. ರಾತ್ರಿ ತಗಡು ತಣ್ಣಗಾದಾಗ ಆ ಗಾಳಿಯ ತೇವ ಬೆವರಿನಂತೆ ಒಳಗೋಡೆಗೆ ಕೂರುತ್ತದೆ. ಇದು ಎಷ್ಟಾಗಬಹುದೆಂದು ಲೆಕ್ಕ ಹಾಕೋಣ. ತೇವದಿಂದ ಪೂರ್ಣ ತುಂಬಿದ 30 ಡಿಗ್ರಿಯ ಒಂದು ಘನಮೀಟರು ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಿರುತ್ತದೆ. 15 ಡಿಗ್ರಿಯಲ್ಲಿ ಸುಮಾರು 13 ಗ್ರಾಂ ಮಾತ್ರ ನಿಲ್ಲಬಲ್ಲುದು. ಆದ್ದರಿಂದ 100 ಲೀಟರು ಗಾಳಿಯಿಂದ ಹೆಚ್ಚೆಂದರೆ ಒಂದೂಮುಕ್ಕಾಲು ಗ್ರಾಂ ನೀರು ಇಳಿದೀತು. ಇಷ್ಟೇಯೇ ಎಂದು ಹಗುರವಾಗಿ ಎಣಿಸಬಾರದು. ಎಣ್ಣೆಯ ಮೇಲಿನ ಬರಿಯ ತಗಡಿಗೆ ತುಕ್ಕು ಹಿಡಿಯಲು ಇಬ್ಬನಿಯಷ್ಟು ತೇವವೇ ಸಾಕು. ಅಡಿಗಿಳಿದ ನೀರು ತಾನಾಗಿ ಹೊರಗೆ ಹೋಗುವುದೂ ಇಲ್ಲ. ಹನಿ ಹನಿಗೂಡಿದರೆ ಹಳ್ಳವಲ್ಲವೆ?

ಲೋಟಗಟ್ಟಲೆ ನೀರು ಸಿಕ್ಕಿದರೆ ಮಾತ್ರ ಅದು ಬೇರೆ ದಾರಿಯಿಂದ ಬಂದಿದೆಯೆಂದು ತಿಳಿಯಬೇಕು. ಮುಚ್ಚಳದ ರಬ್ಬರು ಒಣಗಿ ಬಿರಿದಿರುವುದು, ಗಾಡಿ ತೊಳೆಯುವಾಗ ಮುಚ್ಚಳದ ಮೇಲೆ ನೀರು ಹಾಯಿಸುವುದು, ಮಳೆಗೆ ತೆರೆದಿಟ್ಟಿದ್ದ ಕ್ಯಾನಿನ ಡೀಸಲನ್ನು ಸುರಿಯುವುದು, ಇವೇ ಆ ದಾರಿಗಳು.

ನಿತ್ಯದ ಕಾಪು

ನೀರು ಡೀಸಲಿಗಿಂತ ಭಾರ, ಅಡಿಗೆ ನಿಲ್ಲುತ್ತದೆ. ಈ ಒಂದು ಗುಣವೇ ನಮಗೆ ಸಹಾಯ. ವಾರಕ್ಕೊಮ್ಮೆ, ರಾತ್ರಿಯೆಲ್ಲ ಅಲುಗದೆ ನಿಂತ ಗಾಡಿಯನ್ನು ಚಾಲೂ ಮಾಡುವ ಮೊದಲು, ಟ್ಯಾಂಕಿಯ ತಳದ ತಿರುಪನ್ನು ಸಡಿಲಿಸಿ ಅರ್ಧ ಲೀಟರನ್ನು ಗಾಜಿನ ಸೀಸೆಗೆ ಹಿಡಿಯಿರಿ. ಹತ್ತು ನಿಮಿಷ ಬಿಟ್ಟರೆ ನೀರು ಕೆಳಗೆ ಬೇರೆಯಾಗಿ ಕಾಣುತ್ತದೆ. ಕೆಂಪು ಪುಡಿ ಇದ್ದರೆ ಅದು ತುಕ್ಕು. ಕಪ್ಪು ಲೋಳೆ ಇದ್ದರೆ ನೀರು, ಡೀಸಲುಗಳ ನಡುವೆ ಸೂಕ್ಷ್ಮಜೀವಿಗಳು ಬೆಳೆದಿವೆಯೆಂದು ಅರ್ಥ. ಬರಿಯ ಡೀಸಲು ಬರುವವರೆಗೆ ಇಳಿಸಿ ತಿರುಪನ್ನು ಬಿಗಿ ಮಾಡಿರಿ. ಫಿಲ್ಟರಿನ ಬಟ್ಟಲಿನ ನೀರನ್ನೂ ಹೀಗೆಯೇ ತೆಗೆಯತಕ್ಕದ್ದು.

ಗಾಡಿ ಹಲವು ದಿನ ನಿಲ್ಲುವುದಿದ್ದರೆ, ವಿಶೇಷವಾಗಿ ಚಿತ್ತೆ, ಸ್ವಾತಿ ಮಳೆಗಳ ಕಾಲದಲ್ಲಿ, ಟ್ಯಾಂಕಿಯನ್ನು ತುಂಬಿಸಿ ನಿಲ್ಲಿಸುವುದು ಲೇಸು. ಆದರೆ ಕಂಠಪೂರ್ತಿ ಬೇಡ. 200 ಲೀಟರು ಡೀಸಲು 15 ಡಿಗ್ರಿ ಬಿಸಿಯೇರಿದರೆ ಸುಮಾರು ಎರಡೂವರೆ ಲೀಟರು ಉಬ್ಬುತ್ತದೆ. ನಾಲ್ಕೈದು ಲೀಟರಿನ ಜಾಗವಿರಲಿ.

ಮುಚ್ಚಳ ಸಡಿಲವಾಯಿತೆಂದು ಪ್ಲಾಸ್ಟಿಕ್ ಚೀಲ ಸುತ್ತಿ ತಿರುಗಿಸುವ ರೂಢಿಯುಂಟು. ಇದು ಸಲ್ಲದು. ಗಾಳಿ ಆಡುವ ರಂಧ್ರ ಮುಚ್ಚಿಹೋಗಿ, ಎಣ್ಣೆ ಪಂಪಿಗೆ ಬಾರದೆ ಇಂಜಿನ್ ನಿಲ್ಲುತ್ತದೆ. ಹೊಸ ರಬ್ಬರು ಹಾಕಿಸಿರಿ.

ಹೊರಗಿನ ತುಕ್ಕು ಕಟ್ಟುಪಟ್ಟಿಯ ಕೆಳಗೆ ಅಡಗಿರುತ್ತದೆ. ಪಟ್ಟಿಗೂ ಟ್ಯಾಂಕಿಗೂ ನಡುವೆ ಇಟ್ಟ ಕ್ಯಾನ್‌ವಾಸು ನೀರು ಹೀರಿಕೊಂಡು ಬೇಗ ಒಣಗುವುದಿಲ್ಲ. ಪೊಟ್ಯಾಷ್ ಗೊಬ್ಬರ ಹೇರಿದ ಗಾಡಿಗಂತೂ ಕೇಡು ಇಮ್ಮಡಿ, ಏಕೆಂದರೆ ಅದು ಒಂದು ಬಗೆಯ ಉಪ್ಪೇ. ಅಂಥ ಹೇರು ಇಳಿಸಿದ ದಿನವೇ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯಬೇಕು. ವರ್ಷಕ್ಕೊಮ್ಮೆ ಮುಂಗಾರಿಗೆ ಮೊದಲು ಪಟ್ಟಿಗಳನ್ನು ಬಿಚ್ಚಿ, ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಎರಡು ಸಲ ಬಳಿದು, ಮೇಲೆ ಬಣ್ಣ ಹಚ್ಚಿ, ರಬ್ಬರಿನ ಮೆತ್ತೆ ಇಟ್ಟು ಕಟ್ಟಿರಿ.

ಒಳಗೆ ತುಕ್ಕು ಹಿಡಿದಿದ್ದರೆ

ಮೊದಲು ಒಂದು ಎಚ್ಚರಿಕೆ. ಖಾಲಿ ಟ್ಯಾಂಕಿಗೆ ಭಯವಿಲ್ಲವೆಂಬುದು ತಪ್ಪು ತಿಳಿವಳಿಕೆ. ಒಳಗೆ ಉಳಿದ ಎಣ್ಣೆ ಬಿಸಿಗೆ ಆವಿಯಾಗಿ, ಗಾಳಿಯೊಡನೆ ಬೆರೆತು, ಕಿಡಿ ತಗಲಿದರೆ ಸಿಡಿಯುತ್ತದೆ. ತೂತಾದ ಟ್ಯಾಂಕಿಯನ್ನು ಮನೆಯ ಮುಂದೆ ಬೆಸುಗೆ ಹಾಕಿಸಲೇಬಾರದು. ಅದರಲ್ಲೇ ಕೈ ಪಳಗಿದವರಿಗೆ ಕೊಡಬೇಕು. ಬೀಡಿ, ಒಲೆ, ಮಕ್ಕಳು ಹತ್ತಿರವಿರಬಾರದು.

ಬಯಲಿನಲ್ಲಿ ಬ್ಯಾಟರಿಯ ತಂತಿ ಕಳಚಿ, ಎಣ್ಣೆ ಇಳಿಸಿ, ಟ್ಯಾಂಕಿಯನ್ನು ತೆಗೆಯಿರಿ. ಎಣ್ಣೆ ತೋರಿಸುವ ತೇಲುಗುಂಡನ್ನೂ ಬಿಚ್ಚಿಡಿ. 20 ಲೀಟರು ಬಿಸಿನೀರಿಗೆ ಅರ್ಧ ಕಿಲೋ ವಾಷಿಂಗ್ ಸೋಡದಂತೆ ಕದಡಿ ಎರಡು ಸಲ ಜಿಡ್ಡು ತೊಳೆಯಿರಿ. ಅನಂತರ ನೀರಿರುವಾಗಲೇ ಸಣ್ಣ ಸರಪಳಿಯೊಂದನ್ನು, ತುದಿಗೆ ತಂತಿ ಕಟ್ಟಿ, ಒಳಗೆ ಬಿಟ್ಟು ಅಲುಗಾಡಿಸಿದರೆ ಹಕ್ಕಳೆ ಉದುರುತ್ತದೆ. ಉಳಿದ ತುಕ್ಕಿಗೆ, ನಿಂಬೆ ಉಪ್ಪೆಂದು ಮಾರುವ ಸಿಟ್ರಿಕ್ ಆಮ್ಲವನ್ನು 20 ಲೀಟರಿಗೆ ಒಂದು ಕಿಲೋದಂತೆ ಕರಗಿಸಿ ತುಂಬಿ, ಮುಚ್ಚಳ ತೆರೆದು ಒಂದು ರಾತ್ರಿ ಬಿಡಿ. ಕೈಗೆ ರಬ್ಬರ್ ಚೀಲ, ಕಣ್ಣಿಗೆ ಕನ್ನಡಕ ಇರಲಿ. ಕಕ್ಕಸು ತೊಳೆಯುವ ಆಸಿಡ್ ಬೇಡ. ಅದು ಒಳ್ಳೆಯ ತಗಡನ್ನೂ ತಿನ್ನುತ್ತದೆ, ಸ್ವಲ್ಪ ಉಳಿದರೂ ಮತ್ತೆ ತುಕ್ಕು ತರುತ್ತದೆ.

ಬೆಳಿಗ್ಗೆ ಸೋಡದ ನೀರಿನಿಂದ ಹುಳಿ ಕಳೆದು, ಶುದ್ಧನೀರಿನಲ್ಲಿ ಜಾಲಿಸಿ, ತಡಮಾಡದೆ ಗಾಳಿ ಊದಿ ಬಿಸಿಲಿನಲ್ಲಿ ಒಣಗಿಸಬೇಕು. ತುಕ್ಕು ಕಳೆದ ಒದ್ದೆ ತಗಡು ನೋಡನೋಡುತ್ತಲೇ ಮತ್ತೆ ಕೆಂಪಾಗುತ್ತದೆ. ಒಣಗಿದ ಕೂಡಲೇ ಎರಡು ಲೀಟರು ಡೀಸಲು ಹಾಕಿ ಎಲ್ಲ ಮಗ್ಗುಲಿಗೂ ಹೊರಳಿಸಿರಿ. ತೊಳೆದ ಕೊಳೆಯನ್ನು ಕಾಲುವೆಗೂ ಕೆರೆಗೂ ಬಿಡಬಾರದು. ದನಕರು ಕುಡಿಯುವ ನೀರದು.

ಒಳಗೆ ಸತುವಿನ ಲೇಪ ಕೊಡಿಸೋಣವೆಂದು ಕೆಲವರು ಯೋಚಿಸುವುದುಂಟು. ಡೀಸಲಿಗೆ ಸತು ಒಗ್ಗುವುದಿಲ್ಲ. ಅದು ಎಣ್ಣೆಯಲ್ಲಿ ಕರಗಿ ನಾಜಲಿನಲ್ಲಿ ಕಿಟ್ಟ ಕಟ್ಟುತ್ತದೆ. ಎಣ್ಣೆ ಟ್ಯಾಂಕಿಗೆಂದೇ ತಯಾರಾದ ಲೇಪವನ್ನು ಮಾತ್ರ, ತಗಡು ಪೂರ್ಣ ಒಣಗಿ ಜಿಡ್ಡಿಲ್ಲದಿರುವಾಗ ಹಾಕಿಸಬಹುದು. ಬೆರಳಿನಿಂದ ಒತ್ತಿದರೆ ಕುಗ್ಗುವ, ಅಲ್ಲಲ್ಲಿ ಜಿನುಗುವ ಟ್ಯಾಂಕಿಯನ್ನು ಬದಲಾಯಿಸುವುದೇ ಸರಿ.

ಟ್ಯಾಂಕಿಯನ್ನು ಕೂರಿಸಿದ ಮೇಲೆ ಹೊಸ ಫಿಲ್ಟರು ಹಾಕಿ, ಕೈಪಂಪಿನಿಂದ ಏರ್ ತೆಗೆದು ಚಾಲೂ ಮಾಡಿರಿ. ಉಳಿದ ಪುಡಿ ಇನ್ನೂ ಬರುವುದರಿಂದ ಮೊದಲ ಇನ್ನೂರು ಕಿಲೋಮೀಟರಿನ ಬಳಿಕ ಫಿಲ್ಟರನ್ನು ಮತ್ತೊಮ್ಮೆ ಬದಲಾಯಿಸಿರಿ. ಮುಂದೆ ವಾರದ ಅರ್ಧ ಲೀಟರನ್ನು ಮರೆಯದಿರಿ. ಸೀಸೆಯಲ್ಲಿ ತಿಳಿಯಾಗಿ ನಿಂತ ಡೀಸಲನ್ನು ಶೋಧಿಸಿ ಮತ್ತೆ ಟ್ಯಾಂಕಿಗೇ ಸುರಿಯಬಹುದು. ಹಾಳಾಗುವುದು ತಳದ ನೀರು ಮಾತ್ರ.